ಹಿಂದಿನಿಂದ ದೂಡುವ ಎಂಜಿನ್ನು

ಅವರು ಗಾರ್ಡ್ ಆಗಿರಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಕಳೆದ ವಾರ ಅವರು ತೀರಿಕೊಂಡ ಸುದ್ದಿ ಮಡಗಾವಿನ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಬಂದಾಗ ‘ರೈಲ್ವೆಯ ನಿವೃತ್ತ ಗಾರ್ಡ್’ ಎಂದೇ ಬಂತು. ಅದರ ಕೆಳಗೆ ಕೈಮುಗಿದ ಚಿತ್ರಗಳ ಸಾಲು. ನಾನು ‘ಗಾರ್ಡ್ ಅಲ್ಲ, ಡ್ರೈವರ್’ ಎಂದು ಟೈಪ್ ಮಾಡಿದೆ, ಅಳಿಸಿದೆ, ಮತ್ತೆ ಟೈಪ್ ಮಾಡಿದೆ. ಅಷ್ಟರಲ್ಲಿ ಯಾರೋ ಬಾಡಿಗೆ ಮನೆಯ ಜಾಹೀರಾತು ಹಾಕಿದರು. ಸಾವಿನ ಸುದ್ದಿ ಮೇಲೆ ಸರಿದು ಕಾಣದಂತಾಯಿತು.

ಇದನ್ನು ಬರೆಯುತ್ತಿರುವುದು ಆ ಸಿಟ್ಟಿನಿಂದಲೇ. ಸಿಟ್ಟಿನಲ್ಲಿ ಬರೆದ ವ್ಯಕ್ತಿಚಿತ್ರವನ್ನು ಎಷ್ಟು ನಂಬಬಹುದು ಎಂದು ನನ್ನ ವಿದ್ಯಾರ್ಥಿಗಳು ಕೇಳಿದರೆ ನಾನೇ ತಲೆ ಅಲ್ಲಾಡಿಸುತ್ತೇನೆ. ಕಾಲೇಜಿನಲ್ಲಿ ಇತಿಹಾಸ ಕಲಿಸುವವಳು ನಾನು. ಕಣ್ಣಾರೆ ಕಂಡವರ ಮಾತನ್ನೂ ತೂಗಿ ನೋಡಬೇಕು ಎಂದು ಹೇಳಿಕೊಡುತ್ತೇನೆ. ದಿನಚರಿ ಬರೆಯುವ ಅಭ್ಯಾಸವೇನೋ ಇದೆ. ಆದರೆ ಬೇಕಾದ ದಿನ ಬೇಕಾದದ್ದನ್ನು ಬರೆದಿರುವುದಿಲ್ಲ. ಹಾಗಾಗಿ ಇಲ್ಲಿ ಅವರು ಆಡಿದ ಮಾತು ಎಂದು ಬರೆದದ್ದರಲ್ಲಿ ಸ್ವಲ್ಪ ನನ್ನದೂ ಸೇರಿಕೊಂಡಿರಬಹುದು. ಅವರ ಹೆಸರು ಬರೆಯುವುದಿಲ್ಲ, ಮಗಳನ್ನು ಕೇಳಿಲ್ಲ.

ಹುಬ್ಬಳ್ಳಿ ಕಡೆಯವರು. ನೌಕರಿಯ ಬಹುಪಾಲು ಕಳೆದದ್ದು ಕುಳೆಂನಿಂದ ಕ್ಯಾಸಲ್ ರಾಕ್‌ವರೆಗಿನ ಘಾಟಿಯಲ್ಲಿ. ಮೊಲೆಂ ಕಾಡಿನ ನಡುವೆ ಹತ್ತುವ ಆ ಏರಿನಲ್ಲಿ ಭಾರದ ಗಾಡಿಯನ್ನು ಮುಂದಿನ ಎಂಜಿನ್ ಒಂದೇ ಎಳೆಯಲಾರದು. ಗಾಡಿಯ ಬಾಲಕ್ಕೆ ಬೇರೆ ಎಂಜಿನ್ ಹಚ್ಚಿ ಹಿಂದಿನಿಂದ ದೂಡಿಸುತ್ತಾರೆ. ಅದಕ್ಕೆ ಬ್ಯಾಂಕರ್ ಎನ್ನುತ್ತಾರೆ. ಇವರು ಬ್ಯಾಂಕರ್ ಎಂಜಿನ್ನಿನ ಡ್ರೈವರು. ಆದರೆ ಗಾಡಿಯ ಹಿಂದೆ ಇರುವವನು ಗಾರ್ಡೇ ಎಂದು ನಮ್ಮ ಓಣಿ ತೀರ್ಮಾನ ಮಾಡಿಬಿಟ್ಟಿತ್ತು. ಮೋತಿ ಡೊಂಗರ್ ಇಳಿಜಾರಿನ ಕೆಳಗಿನ ಆ ಓಣಿಯಲ್ಲಿ ಎಲ್ಲರಿಗೂ ಅವರು ‘ಗಾರ್ಡ್ ಸಾಹೇಬ್ರು’. ನಮ್ಮ ಮನೆಯೊಡತಿ, ವಯಸ್ಸಾದ ಗೋವೆಯ ಕ್ರಿಶ್ಚಿಯನ್ ಹೆಂಗಸು, ‘ಗಾರ್ಡ್‌ಬಾಬ್’ ಎನ್ನುತ್ತಿದ್ದಳು.

“ಹಿಂದ ಇರಾವ್ರೆಲ್ಲಾ ಗಾರ್ಡ್ ಅಲ್ರಿ,” ಎಂದು ಅವರು ಮೊದಮೊದಲು ತಿದ್ದುತ್ತಿದ್ದರು. “ಗಾರ್ಡ್ ಬಾವುಟ ತೋರಸ್ತಾನ. ನಾ ಗಾಡಿ ಎತ್ತತಿದ್ದೆ.”

“ಹೌದೇನ್ರಿ, ಗಾರ್ಡ್ ಸಾಹೇಬ್ರ,” ಎನ್ನುತ್ತಿದ್ದರು ಜನ.

ನಾನು ಚಾಚಾ ಎನ್ನುತ್ತಿದ್ದೆ. ಅವರು ನನ್ನನ್ನು ತಂಗಿ ಎನ್ನುತ್ತಿದ್ದರು. ಸಿಟ್ಟು ಬಂದಾಗ ಮಾತ್ರ ಒಮ್ಮೆಲೇ ಮರ್ಯಾದೆ ಏರಿ ‘ಮೇಡಮ್ಮಾರ’ ಆಗುತ್ತಿತ್ತು. ನಮ್ಮ ಪರಿಚಯದ ಉದ್ದಕ್ಕೂ ನಾನು ಹೆಚ್ಚಾಗಿ ಮೇಡಮ್ಮಾರ ಆಗಿಯೇ ಇದ್ದೆ.

ಮನೆಯ ಮೇಲಿನ ಮಹಡಿಯಲ್ಲಿ ನಾನು, ಹಿಂದಿನ ಎರಡು ಕೋಣೆಗಳಲ್ಲಿ ಅವರು ಮತ್ತು ಮಗಳು. ಮಗಳು ಕುಂಡಯಿಯ ಕಾರ್ಖಾನೆಯೊಂದರಲ್ಲಿ ಔಷಧಿ ಪ್ಯಾಕ್ ಮಾಡುವ ಕೆಲಸಕ್ಕೆ ಹೋಗುತ್ತಿದ್ದಳು. ಅಂಗಳದ ಬದಿಗೆ ಕಾರಿಲ್ಲದ ಗ್ಯಾರೇಜು. ಮನೆಯೊಡತಿಯ ಗಂಡ ಹಡಗಿನಲ್ಲಿ ಕೆಲಸ ಮಾಡುತ್ತಿದ್ದವನು, ಯಾವುದೋ ಬಂದರಿನಿಂದ ಎರಡು ಆಟಿಕೆ ರೈಲು ಎಂಜಿನ್ ತಂದಿಟ್ಟು ತೀರಿಕೊಂಡಿದ್ದ. ಆಟಿಕೆ ಎಂದರೆ ಚಾಚಾಗೆ ಕೋಪ ಬರುತ್ತಿತ್ತು. ಅಂಗೈ ಉದ್ದದ, ನಿಜವಾದ ಡೀಸೆಲ್ ಎಂಜಿನ್ನಿನ ಅಚ್ಚಿನಂತಿದ್ದ ಮಾದರಿಗಳವು. ಮನೆಯೊಡತಿ ಒಂದು ದಿನ ಅವನ್ನು ಇವರ ಕೈಗಿಟ್ಟು “ಓಡಿಸಿ ತೋರಿಸಿ, ಗಾರ್ಡ್‌ಬಾಬ್,” ಎಂದಿದ್ದಳಂತೆ. ಅಲ್ಲಿಂದ ಶುರುವಾಯಿತು.

ನಾನು ಆ ಮನೆಗೆ ಬಂದಾಗ ಗ್ಯಾರೇಜಿನ ತುಂಬ ಘಾಟಿ ಎದ್ದಿತ್ತು. ಪ್ಲೈವುಡ್ಡಿನ ಮೇಲೆ ಹಳೆಯ ಪತ್ರಿಕೆ, ಪ್ಲಾಸ್ಟರು, ಅದರ ಮೇಲೆ ಕೆಂಪು ಮಣ್ಣಿನ ಬಣ್ಣ. ಸುರಂಗಗಳು, ಕಟ್ಟಡವಿಲ್ಲದ ಒಂದು ಸ್ಟೇಷನ್, ಹಳಿಯ ಬದಿಯ ಮೋರಿಗಳು. ದೂಧಸಾಗರ ಮಾತ್ರ ಇರಲಿಲ್ಲ. ಬಂದವರೆಲ್ಲ ಮೊದಲು ಕೇಳುವುದೇ ಜಲಪಾತ ಎಲ್ಲಿ ಎಂದು.

“ಅಷ್ಟು ವರ್ಷದಾಗ ನಾ ಅದನ್ನ ನೆಟ್ಟಗ ನೋಡೇ ಇಲ್ಲ,” ಎನ್ನುತ್ತಿದ್ದರು. “ಕಣ್ಣು ಮೀಟರಿನ ಮ್ಯಾಲ ಇರ್ತಿದ್ದುವು. ನೋಡದ್ದನ್ನ ಹೆಂಗ ಮಾಡ್ಲಿ?”

ಮಾದರಿ ಎಂಜಿನ್ನು ಓಡುವುದು ಹೊಟ್ಟೆಯೊಳಗಿನ ಒಂದು ಸಣ್ಣ ಬೋರ್ಡಿನಿಂದ. ಹಳಿಯಲ್ಲಿ ಹರಿಯುವ ಕರೆಂಟನ್ನು ಗಾಲಿಗಳ ಮೂಲಕ ತೆಗೆದುಕೊಂಡು, ಎಷ್ಟು ವೇಗ, ಯಾವ ದಿಕ್ಕು, ದೀಪ ಹತ್ತಬೇಕೋ ಬೇಡವೋ ಎಂಬುದನ್ನೆಲ್ಲ ಅದು ತೀರ್ಮಾನಿಸುತ್ತದೆ. ಚ್ಯೂಯಿಂಗ್ ಗಮ್ಮಿನ ಪಟ್ಟಿಯಷ್ಟು ಉದ್ದ, ಅದಕ್ಕಿಂತ ಬೇಗ ಕೆಡುವ ವಸ್ತು. ಗೋವೆಯ ಉಪ್ಪು ಗಾಳಿಗೆ ಕೆಡುತ್ತದೆ, ಮಳೆಗಾಲದ ಥಂಡಿಗೆ ಕೆಡುತ್ತದೆ, ಮೋಟರು ಎಲ್ಲಾದರೂ ಸಿಕ್ಕಿಕೊಂಡು ತಿರುಗದೆ ನಿಂತರೆ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಹೊಸದು ಹೊರದೇಶದಿಂದ ಬರಬೇಕು. ಲಿಸ್ಬನ್ನಿನಲ್ಲಿದ್ದ ಮನೆಯೊಡತಿಯ ಮಗ ತನಗೆ ನೆನಪಾದಾಗ ಕಳಿಸಬೇಕು, ಅದು ಅಂಚೆಯಲ್ಲಿ ಎಲ್ಲೆಲ್ಲೋ ಕೂತು ಬರಬೇಕು. ಬೋರ್ಡಿನ ಜೊತೆಗೆ ಇಂಗ್ಲಿಷಿನಲ್ಲಿ ಒಂದು ಮಡಚಿದ ಹಾಳೆ. ಅದನ್ನು ಓದಿ ಹೇಳಲು ನಾನು ಬೇಕಾಗಿದ್ದೆ. ನನ್ನ ಪಾತ್ರ ಅಷ್ಟೇ.

ಎಂಜಿನ್ ಬಿಚ್ಚುವ ಮುಂಚೆ ಅವರು ಕೈ ತೊಳೆದು, ಉಂಗುರ ತೆಗೆದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. ಮಡಚಿದ ಟವೆಲ್ಲಿನ ಮೇಲೆ ಎಂಜಿನ್ ಅಂಗಾತ. ತೆಗೆದ ಸ್ಕ್ರೂಗಳು ಮಗಳ ಉಪ್ಪಿನಕಾಯಿ ತಟ್ಟೆಯಲ್ಲಿ. ಮೇಲಿನ ಚಿಪ್ಪನ್ನು ಎತ್ತಿದ ಮೇಲೆ ಬಣ್ಣಬಣ್ಣದ ವೈರುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದರು: ಕೆಂಪು, ಕಪ್ಪು ಹಳಿಯಿಂದ ಬರುವವು, ಕಿತ್ತಳೆ, ಬೂದು ಮೋಟರಿಗೆ ಹೋಗುವವು. ಹಳೆಯ ಬೋರ್ಡು ಹೊರಗೆ ಬಂದ ಕೂಡಲೇ ಅದನ್ನು ಮೂಗಿಗೆ ಹಿಡಿದು, ಆಮೇಲೆ ನನ್ನ ಮೂಗಿಗೂ ಹಿಡಿಯುತ್ತಿದ್ದರು.

“ಮೂಸಿ ನೋಡು ತಂಗಿ. ಹೋತು.”

ನನಗೆ ಮೂಸುವುದು ಇಷ್ಟವಿರಲಿಲ್ಲ. ಆದರೂ ಪ್ರತಿ ಸಲ ಮೂಸಿದ್ದೇನೆ. ಆ ವಾಸನೆಯ ಬಗ್ಗೆ ನನ್ನ ನೆನಪನ್ನು ಪೂರ್ತಿ ನಂಬುತ್ತೇನೆ.

ಮೊದಲು ಸುಟ್ಟ ಬೋರ್ಡು ನಮ್ಮಿಬ್ಬರ ಅಜ್ಞಾನಕ್ಕೆ ಸುಟ್ಟಿತು. ಮೋಟರಿನ ತಳ ಎಂಜಿನ್ನಿನ ಲೋಹದ ಮೈಗೆ ತಾಗದಂತೆ ನಡುವೆ ಟೇಪು ಹಚ್ಚಬೇಕು ಎಂಬುದು ಆ ಹಾಳೆಯ ಹಿಂಬದಿಯಲ್ಲಿತ್ತು. ನಾವು ಮುಂಬದಿ ಮುಗಿಸುವಷ್ಟರಲ್ಲಿ ಅವರು ಸ್ವಿಚ್ ಹಾಕಿಯಾಗಿತ್ತು. ಅದು ಸರಿ, ಎಲ್ಲರೂ ಕಲಿಯುವುದು ಹಾಗೇ. ನನಗೆ ತಲೆ ಕೆಟ್ಟುಹೋಗುತ್ತಿದ್ದದ್ದು ಆಮೇಲೆ ಸುಟ್ಟವುಗಳ ಬಗ್ಗೆ.

ಗಾಡಿಗೆ ಮುಂದೊಂದು ಎಂಜಿನ್, ಹಿಂದೊಂದು ಎಂಜಿನ್, ನಡುವೆ ವ್ಯಾಗನ್ನುಗಳು. ಎರಡೂ ಎಂಜಿನ್ನುಗಳ ವೇಗ ಹೊಂದಬೇಕು. ಹಾಳೆ ಸ್ಪಷ್ಟವಾಗಿ ಹೇಳುತ್ತಿತ್ತು: ವೇಗ ಒಂದೇ ಇರಲಿ, ಹೆಚ್ಚು ಕಡಿಮೆ ಆಗುವುದಾದರೆ ಮುಂದಿನದು ತುಸು ಜೋರಿರಲಿ. ಇವರು ಉಲ್ಟಾ ಇಡುತ್ತಿದ್ದರು. ಹಿಂದಿನ ಎಂಜಿನ್ನು ಯಾವಾಗಲೂ ಒಂದು ಕೂದಲಷ್ಟು ಜೋರು. ಗಾಡಿ ಹೊರಡುತ್ತಿತ್ತು, ಮೊದಲ ಸುರಂಗ ದಾಟುತ್ತಿತ್ತು, ಮೇಲಿನ ದೊಡ್ಡ ತಿರುವಿಗೆ ಬಂದಾಗ ನಡುವಿನ ವ್ಯಾಗನ್ನೊಂದು ಹಿಂಡಿದ ನಿಂಬೆ ಬೀಜದ ಹಾಗೆ ಹಳಿಯಿಂದ ಚಿಮ್ಮುತ್ತಿತ್ತು. ಬಿದ್ದ ವ್ಯಾಗನ್ನಿಗೆ ಎಂಜಿನ್ ಸಿಕ್ಕಿಕೊಂಡು, ಮೋಟರು ಗುಂಯ್ ಎಂದು ನಿಂತು, ಒಳಗಿನ ಬೋರ್ಡು ಸುಡುತ್ತಿತ್ತು.

“ಬೋರ್ಡ್ ಚಲೋ ಇಲ್ಲ,” ಎನ್ನುತ್ತಿದ್ದರು ಅವರು.

“ಬೋರ್ಡ್ ಚಲೋ ಐತಿ ಚಾಚಾ. ನೀವು ಹಿಂದಿಂದು ಜೋರು ಇಡಾಕತ್ತೀರಿ. ಮುಂದಿಂದು ಎಳೀಲಿ, ಹಿಂದಿಂದು ಸುಮ್ನ ಬೆನ್ನು ಹತ್ತಿ ಬರ್ಲಿ.”

“ಬೆನ್ನು ಹತ್ತಿ ಬರೂದಕ್ಕ ನಾಯಿ ಸಾಕಲ್ರಿ ಮೇಡಮ್ಮಾರ. ಎಂಜಿನ್ ಯಾಕ?”

ನಾನು ಹಾಳೆ ತೋರಿಸುತ್ತಿದ್ದೆ. ಇದನ್ನು ಬರೆದವರು ಘಾಟಿ ಹತ್ತಿದ್ದಾರೇನು ಎಂದು ಅವರು ಕೇಳುತ್ತಿದ್ದರು. ಆಮೇಲೆ ವಿವರಣೆ. ಅದನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ ಈಗ ಅವರ ದನಿಯಲ್ಲೇ ಬರೆಯಬಲ್ಲೆ: “ಏರಿನ್ಯಾಗ ಮುಂದಿನವ ಜಗ್ಗಿದ ಅಂದ್ರ ನಡುವ ವ್ಯಾಗನ್ ಕೂಡಸೂ ಕಪ್ಲಿಂಗ್ ಕಡೀತೈತಿ. ಕಡೀತಂದ್ರ ಹಿಂದಿನ ಅರ್ಧಾ ಗಾಡಿ ಕುಳೆಂಕ ವಾಪಸ್. ಅದಕ್ಕ ಹಿಂದಿನವ ಒತ್ತಿ ಹಿಡೀಬೇಕು. ವ್ಯಾಗನ್ನಿಗೆ ವ್ಯಾಗನ್ನು ಮೈ ಹತ್ತಿ ನಿಂತಿರಬೇಕು, ರೇಶನ್ ಪಾಳಿನ್ಯಾಗ ನಿಂತಂಗ. ಘಾಟಿ ಹತ್ತೂದು ಹಿಂದಿನಿಂದ ತಂಗಿ, ಮುಂದಿನಿಂದ ಅಲ್ಲ.”

ನಿಜವಾದ ಘಾಟಿಯ ಮಟ್ಟಿಗೆ ಇದು ಖಂಡಿತ ಸರಿ ಇದ್ದೀತು. ಆದರೆ ನಿಜವಾದ ವ್ಯಾಗನ್ನಿನೊಳಗೆ ಟನ್ನುಗಟ್ಟಲೆ ಕಲ್ಲಿದ್ದಲು ಇರುತ್ತದೆ. ನಮ್ಮ ವ್ಯಾಗನ್ನು ಬಿಸ್ಕೀಟಿನಷ್ಟು ಹಗುರ. ಒತ್ತಿದರೆ ಅದು ಹಳಿಗೆ ಅಂಟಿಕೊಂಡಿರುವುದಿಲ್ಲ, ಹಾರುತ್ತದೆ. ಇದನ್ನು ನಾನು ಹೇಳಿದೆ. ಮಾರನೆಯ ದಿನ ಅವರು ವ್ಯಾಗನ್ನುಗಳೊಳಗೆ ಮೀನಿನ ಬಲೆಗೆ ಕಟ್ಟುವ ಸೀಸದ ಗುಂಡು ತುಂಬಿದರು. ವ್ಯಾಗನ್ನು ಹಾರಲಿಲ್ಲ. ಬದಲಿಗೆ ಆ ಭಾರಕ್ಕೆ ಎರಡೂ ಮೋಟರು ಕಾದು ಮತ್ತೊಂದು ಬೋರ್ಡು ಹೋಯಿತು. ಗುಂಡು ತೆಗೆದರು. ಹಿಂದಿನ ಎಂಜಿನ್ನಿನ ವೇಗ ಮಾತ್ರ ತೆಗೆಯಲಿಲ್ಲ. ಒಬ್ಬ ಮನುಷ್ಯನಿಗೆ ತಪ್ಪು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿದ ಮೇಲೂ ಅವನು ಅದೇ ಜಾಗಕ್ಕೆ ಹೊಸ ಬೋರ್ಡು ಹಾಕುತ್ತ ಹೋಗುವುದನ್ನು ನೋಡುತ್ತ ಕೂರುವ ಸಂಕಟ ಅನುಭವಿಸಿದವರಿಗೇ ಗೊತ್ತು.

ಮಗಳು ಬೇರೆ ರೀತಿ ಬೇಸತ್ತಿದ್ದಳು. “ಮನ್ಯಾಗ ಮಿಕ್ಸರ್ ಕೆಟ್ಟು ಯಾ ಕಾಲ ಆತ್ರಿ ಅಕ್ಕಾ. ಅದಕ್ಕ ಟೈಮ್ ಇಲ್ಲ. ಅಬ್ಬಾ ಸಣ್ಣ ರೈಲಿನ ಡಾಕ್ಟರ್ ಆಗ್ಯಾರ.”

“ಮಿಕ್ಸರ್ ಘಾಟಿ ಹತ್ತಂಗಿಲ್ಲವ್ವಾ,” ಎಂದರು ಇವರು ತಲೆ ಎತ್ತದೆ.

“ಇದೂ ಹತ್ತಂಗಿಲ್ಲಲ್ಲ ಅಬ್ಬಾ.”

ಅವರು ಹೇಳಿದ ಒಂದು ಸಂಗತಿಯನ್ನು ಇಲ್ಲಿ ಸೇರಿಸಬೇಕು. ಘಾಟಿಯಲ್ಲಿ ಮುಂದಿನ ಎಂಜಿನ್ನಿನಿಂದ ಹಿಂದಿನದು ಕಾಣುವುದಿಲ್ಲ. ಮಳೆ, ಮಂಜು, ಸುರಂಗ, ನಡುವೆ ಅಷ್ಟುದ್ದ ಗಾಡಿ. ಹಾರ್ನ್ ಹೊಡೆದು ಕೇಳುವುದು, ಹಾರ್ನ್ ಹೊಡೆದು ಉತ್ತರಿಸುವುದು. ಒಬ್ಬ ಮುಂದಿನ ಡ್ರೈವರನ ಜೊತೆ ಇವರು ವರ್ಷಗಟ್ಟಲೆ ಹೀಗೆ ಕೆಲಸ ಮಾಡಿದ್ದರಂತೆ, ಮುಖಾಮುಖಿ ಆಗಿರಲಿಲ್ಲವಂತೆ. ಒಮ್ಮೆ ಚಹಾದಂಗಡಿಯಲ್ಲಿ ಪಕ್ಕದಲ್ಲಿ ಕೂತವನ ಜೊತೆ ಮಾತಾಡುತ್ತ ಅದು ಅವನೇ ಎಂದು ಗೊತ್ತಾಯಿತು. “ಅವನ ಹಾರ್ನ್ ಗುರ್ತಿತ್ತು, ಮಾರಿ ಗುರ್ತಿರಲಿಲ್ಲ. ಅವನೂ ನನ್ನನ್ನ ಗಾರ್ಡ್ ಅಂತ ತಿಳದಿದ್ದ,” ಎಂದು ನಕ್ಕಿದ್ದರು. ದಿನಚರಿಯಲ್ಲಿ ಆ ಅಂಗಡಿ ಲೋಂಡಾದ್ದು ಎಂದು ಬರೆದಿದ್ದೇನೆ. ನನ್ನ ನೆನಪು ಕ್ಯಾಸಲ್ ರಾಕ್ ಎನ್ನುತ್ತದೆ. ವರ್ಷಗಟ್ಟಲೆ ಮುಖ ನೋಡದೆ ಇರುವುದು ಸಾಧ್ಯವೇ ಎಂಬ ಅನುಮಾನವೂ ಇದೆ. ಆದರೆ ಅವರು ನಕ್ಕದ್ದು ಅಪರೂಪ. ಅದು ತಪ್ಪಿರಲಾರದು.

ಆಮೇಲೆ ಮನೆ ಮಾರಾಟಕ್ಕೆ ಬಂತು. ಮನೆಯೊಡತಿ ಮಗನ ಹತ್ತಿರ ಲಿಸ್ಬನ್ನಿಗೆ ಹೊರಟಳು. ಮಳೆ ಶುರುವಾಗುವ ಮುಂಚೆ ಎಲ್ಲರೂ ಖಾಲಿ ಮಾಡಬೇಕು. ನಮಗೆಲ್ಲ ಬೇರೆ ಬೇರೆ ಮನೆ ಸಿಕ್ಕಿತು, ಘಾಟಿಗೆ ಸಿಗಲಿಲ್ಲ. ಗ್ಯಾರೇಜಿನ ಗಾತ್ರದ ಗುಡ್ಡವನ್ನು ಯಾವ ಬಾಡಿಗೆ ಕೋಣೆಯಲ್ಲಿಡುವುದು? ಗರಗಸದಿಂದ ಕೊಯ್ದು ಬಿಸಾಡುವುದು, ಇಲ್ಲವೆ ಯಾರಾದರೂ ತೆಗೆದುಕೊಳ್ಳುವುದು, ಇವೆರಡೇ ದಾರಿ.

ಮಡಗಾವಿನ ಕನ್ನಡ ಸಂಘವೊಂದರ ಕಾರ್ಯದರ್ಶಿಯನ್ನು ನಾನೇ ಕರೆತಂದೆ. ಬಾಗಲಕೋಟೆ ಕಡೆಯವರು, ಹಾರ್ಡ್‌ವೇರ್ ಅಂಗಡಿ ಇಟ್ಟವರು, ಸದಾ ಅವಸರದಲ್ಲಿರುವ ಒಳ್ಳೆಯ ಮನುಷ್ಯ. ಸಭಾಭವನದ ಮೂಲೆಯಲ್ಲಿ ಗಾಜಿನೊಳಗೆ ಇಡಬಹುದು ಎಂದರು. “ಆದ್ರ ಒಂದು ಮಾತ್ರಿ. ಕಮಿಟಿಯವ್ರ ಮುಂದ ಒಂದ್ ಸಲ ಪೂರಾ ಹತ್ತಿ ಇಳೀಬೇಕು. ನಡುವ ಬಿದ್ರ ಅವ್ರು ಅಂತಾರ, ಈ ಜಾಗದಾಗ ಕುರ್ಚಿ ಹಾಕೂದು ಚಲೋ ಅಂತ.” ಹೊರಡುವಾಗ ಕೇಳಿದರು, “ದೂಧಸಾಗರ ಎಲ್ಲೈತ್ರಿ?”

ಮೇ ತಿಂಗಳ ಒಂದು ಭಾನುವಾರ ಗೊತ್ತಾಯಿತು. ಆಗ ಉಳಿದಿದ್ದ ಬೋರ್ಡು ಎರಡೇ, ಎರಡೂ ಎಂಜಿನ್ನುಗಳ ಒಳಗಿದ್ದವು. ಇನ್ನೊಂದು ಕಳಿಸುತ್ತೇನೆಂದ ಲಿಸ್ಬನ್ನಿನ ಮಗ ಕಳಿಸಿರಲಿಲ್ಲ. ಈ ಒಂದು ಸಲ ಮುಂದಿನದನ್ನು ಜೋರಿಡಿ, ಬೇಕಾದರೆ ಕಾಲಿಗೆ ಬೀಳುತ್ತೇನೆ ಎಂದೆ. ಬಿದ್ದೆನೋ ಇಲ್ಲವೋ ನೆನಪಿಲ್ಲ, ಬೀಳುವಷ್ಟು ಸಿಟ್ಟಿತ್ತು. “ನೋಡೂಣು,” ಎಂದರು. ಶನಿವಾರ ಮಧ್ಯಾಹ್ನ ಕೊನೆಯ ಪರೀಕ್ಷೆಯಲ್ಲಿ ಹಿಂದಿನದನ್ನೇ ಜೋರಿಟ್ಟರು. ಅದೇ ತಿರುವು. ಮುಂದಿನ ಎಂಜಿನ್ನಿನ ಬೆನ್ನಿಗಿದ್ದ ವ್ಯಾಗನ್ನೇ ಅಡ್ಡ ಬಿತ್ತು. ಎಂಜಿನ್ನು ಅದಕ್ಕೆ ಸಿಕ್ಕಿಕೊಂಡು ನಿಂತಿತು. ಈ ಸಲ ಅವರು ಮೂಸಲಿಕ್ಕೆ ಕೊಡಲಿಲ್ಲ. ಗ್ಯಾರೇಜಿನ ತುಂಬ ಅದೇ ವಾಸನೆಯಿತ್ತು.

“ಈಗೇನ್ ಮಾಡ್ತೀರಿ?” ಎಂದೆ. ದನಿ ಏರಿತ್ತು ಅಂತ ಕಾಣುತ್ತದೆ, ಮಗಳು ಹೊರಗೆ ಬಂದು ನಿಂತಳು.

ಅವರು ಬಿದ್ದ ವ್ಯಾಗನ್ನನ್ನು ಎತ್ತಿ ಹಳಿಯ ಮೇಲೆ ಕೂರಿಸಿದರು.

ನಾನು ಕಾರ್ಯದರ್ಶಿಗೆ ಫೋನ್ ಮಾಡಿ ಮುಂದೂಡಲು ಕೇಳಿದೆ. ವಾಸ್ಕೋದಿಂದ ಇಬ್ಬರು ಸದಸ್ಯರು ಬರುತ್ತಿದ್ದಾರೆ, ಇನ್ನೊಮ್ಮೆ ಸೇರಿಸುವುದು ಆಗದ ಮಾತು ಎಂದರು. ಸೋಮವಾರವೇ ಗ್ಯಾರೇಜಿನ ಕೀಲಿ ಹೊಸ ಮಾಲೀಕರಿಗೆ ಹೋಗಬೇಕಿತ್ತು.

ಭಾನುವಾರ ಬೆಳಿಗ್ಗೆ ನಾನು ಇಳಿದು ಬಂದಾಗ ಟವೆಲ್ಲಿನ ಮೇಲೆ ಎರಡೂ ಎಂಜಿನ್ನು ಅಂಗಾತ ಮಲಗಿದ್ದವು. ಮುಂದಿನದರ ಹೊಟ್ಟೆ ಖಾಲಿ. ಹಿಂದಿನದರೊಳಗೆ ಉಳಿದ ಒಂದೇ ಬೋರ್ಡು. ಹಿಂದಿನದರಿಂದಲೇ ಗಾಡಿಯನ್ನು ಪೂರಾ ದೂಡಿಸಿ ನೋಡಿದ್ದರಂತೆ. ಮೊದಲ ಸುರಂಗವನ್ನೂ ದಾಟದೆ ವ್ಯಾಗನ್ನುಗಳು ಬಿದ್ದವಂತೆ. ಮಗಳು ಹೇಳಿದಳು. ಅವರು ಕಿಟಕಿಯ ಕಡೆ ನೋಡುತ್ತ ಕೂತಿದ್ದರು.

ಆಮೇಲೆ ಕೈ ತೊಳೆದುಕೊಂಡು ಬಂದರು. ಉಂಗುರ ತೆಗೆದರು. ಹಿಂದಿನ ಎಂಜಿನ್ನನ್ನು ತೊಡೆಯ ಮೇಲಿಟ್ಟುಕೊಂಡು ವೈರುಗಳನ್ನು ಬಿಡಿಸಲು ಶುರುಮಾಡಿದರು. ಕೆಂಪು, ಕಪ್ಪು, ಕಿತ್ತಳೆ, ಬೂದು. ಬೇರೆ ದಿನಗಳಲ್ಲಿ ಬೋರ್ಡು ಬಿಚ್ಚುವಾಗ ಬೈಗುಳ ನಡೆದೇ ಇರುತ್ತಿತ್ತು: ಬೋರ್ಡಿಗೆ, ಅಂಚೆಯವರಿಗೆ, ಲಿಸ್ಬನ್ನಿಗೆ, ನನಗೆ. ಅವತ್ತು ಸ್ಕ್ರೂ ತಟ್ಟೆಗೆ ಬೀಳುವ ಸದ್ದು ಬಿಟ್ಟು ಬೇರೇನೂ ಇರಲಿಲ್ಲ. ಆ ಬೋರ್ಡನ್ನು ಮುಂದಿನ ಎಂಜಿನ್ನಿಗೆ ಕೂರಿಸಿದರು. ಹಿಂದಿನದರ ಹಲ್ಲಿನ ಚಕ್ರವನ್ನೂ ತೆಗೆದು, ಗಾಲಿಗಳು ಎಳೆದರೆ ಸಲೀಸಾಗಿ ಉರುಳುವಂತೆ ಮಾಡಿದರು. ಚಿಪ್ಪು ಮುಚ್ಚಿ ಗಾಡಿಯ ಬಾಲಕ್ಕೆ ಹಚ್ಚಿದರು.

“ಅದನ್ನ ತೆಗದ ಬಿಡ್ರಲ್ಲ ಚಾಚಾ,” ಎಂದೆ. “ಸುಮ್ನ ಭಾರ.”

“ಬ್ಯಾಂಕರ್ ಇಲ್ಲದ ಗಾಡಿ ಘಾಟಿಗೆ ಹಚ್ಚತಾರೇನು?”

“ದೂಡಂಗಿಲ್ಲಲ್ಲ ಅದು.”

“ಇರ್ತೈತಿ,” ಎಂದರು.

ಕಮಿಟಿಯವರು ಬಂದರು. ಗಾಡಿ ಹೊರಟಿತು. ಮೊದಲ ಸುರಂಗ, ಎರಡನೆಯದು, ದೊಡ್ಡ ತಿರುವು. ಒಂದು ವ್ಯಾಗನ್ನೂ ಅಲುಗಲಿಲ್ಲ. ಮುಂದಿನದು ಎಳೆಯಿತು, ಉಳಿದದ್ದೆಲ್ಲ ಬೆನ್ನು ಹತ್ತಿ ಹೋಯಿತು. ಹತ್ತಿ, ಇಳಿದು, ಮತ್ತೆ ಹತ್ತಿತು. ನಾನು ಅಷ್ಟು ದಿನ ವಾದಿಸಿದ್ದು ಕಣ್ಣ ಮುಂದೆ ನಿಜವಾಗುತ್ತಿತ್ತು. ನನಗೆ ಆದದ್ದು ಸಂತೋಷವಲ್ಲ. ಏನು ಎಂದು ಹೆಸರಿಸಲು ಹೋದರೆ ಈಗ ಸೇರಿಸಿದಂತಾಗುತ್ತದೆ, ಬಿಡುತ್ತೇನೆ. ಎಲ್ಲರೂ ಗಾಡಿ ನೋಡುತ್ತಿದ್ದರು. ಅವರು ಮಾತ್ರ ಗ್ಯಾರೇಜಿನ ನೆಲ ನೋಡುತ್ತಿದ್ದರು.

“ಹಿಂದಿನ ಎಂಜಿನ್ ಏನ್ ದೂಡತೈತ್ರಿ,” ಎಂದರು ಕಾರ್ಯದರ್ಶಿ ಖುಷಿಯಿಂದ. “ಇದು ನೋಡ್ರಿ ಖರೇ ಘಾಟಿ.”

“ಹೌದ್ರಿ,” ಎಂದರು ಅವರು.

ಎಂದರೋ, ಬರೇ ತಲೆ ಆಡಿಸಿದರೋ. ಇದೊಂದನ್ನು ನಾನು ಖಚಿತವಾಗಿ ಹೇಳಬೇಕಿತ್ತು, ಹೇಳಲಾರೆ. ಅಂದಿನ ದಿನಚರಿಯಲ್ಲಿ ವಾಸ್ಕೋದವರು ಸಮೋಸಾ ತಿಂದದ್ದಿದೆ, ಸೆಖೆಯ ಬಗ್ಗೆ ಇದೆ, ‘ಘಾಟಿ ಉಳಿಯಿತು’ ಎಂದಿದೆ. ಈ ಮಾತು ಇಲ್ಲ. ಆದರೆ ತಾನು ಗಾರ್ಡ್ ಅಲ್ಲ ಎಂದು ಓಣಿಗೆಲ್ಲ ತಿದ್ದುತ್ತಿದ್ದ ಮನುಷ್ಯ ಅವತ್ತು ಏನನ್ನೂ ತಿದ್ದಲಿಲ್ಲ ಎಂಬುದು ಗೊತ್ತು.

ಸಂಜೆಯೇ ಟೆಂಪೋ ಬಂದು ಘಾಟಿಯನ್ನು ಹೊತ್ತುಕೊಂಡು ಹೋಯಿತು.

ಮಳೆಗಾಲ ಮುಗಿಯುತ್ತಿದ್ದಾಗ ನನ್ನ ಕಾಲೇಜಿನ ವಿಳಾಸಕ್ಕೆ ಹೊಸ ಬೋರ್ಡು ಬಂತು. ಲಿಸ್ಬನ್ನಿನ ಮಗನಿಗೆ ಕೊನೆಗೂ ನೆನಪಾಗಿತ್ತು. ನಾನು ಅದನ್ನು ಅವರ ಹೊಸ ಕೋಣೆಗೆ ಒಯ್ದು ಕೊಟ್ಟೆ. ಮಾರನೆಯ ದಿನವೇ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಊಟದ ಡಬ್ಬಿಯ ಚೀಲದಲ್ಲಿ ಬೋರ್ಡು, ಅವತ್ತು ತೆಗೆದಿಟ್ಟ ಹಲ್ಲಿನ ಚಕ್ರ, ಟವೆಲ್ಲು, ಸಣ್ಣ ಸ್ಕ್ರೂಡ್ರೈವರು, ಟೇಪು ಇಟ್ಟುಕೊಂಡು ನನ್ನ ಬಾಗಿಲಲ್ಲಿ ನಿಂತಿದ್ದರು. “ನಡಿ ತಂಗಿ. ಈ ಸಲ ನೀ ಹೇಳಿದಂಗ ಇಡ್ತೇನಿ. ಎರಡೂ ಒಂದ ವೇಗ.” ಅವರ ಬಾಯಿಂದ ಈ ಮಾತು ಬರಲು ಎಷ್ಟು ಬೋರ್ಡು ಬೇಕಾಯಿತು ಎಂದು ಹೇಳಿ ಚುಚ್ಚಬೇಕೆನಿಸಿತು. ಚುಚ್ಚಲಿಲ್ಲ. ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

ಸಭಾಭವನದ ಮೂಲೆಯಲ್ಲಿ ಘಾಟಿ ಗಾಜಿನೊಳಗೆ ಚೆನ್ನಾಗಿ ಕಾಣುತ್ತಿತ್ತು. ದೂಧಸಾಗರವೂ ಬಂದಿತ್ತು: ಬಿಳಿ ಪ್ಲಾಸ್ಟಿಕ್ಕು, ಹಿಂದೆ ನೀಲಿ ದೀಪ. ಹೊರಗೆ ಒಂದು ಗುಂಡಿ. ಒತ್ತಿದರೆ ಗಾಡಿ ಒಂದು ಸುತ್ತು ಹತ್ತಿ ಇಳಿದು ನಿಲ್ಲುತ್ತದೆ. ಯಾವುದೋ ಕಾರ್ಯಕ್ರಮಕ್ಕೆ ಬಂದವರು ಒತ್ತಿ ನೋಡುತ್ತಿದ್ದರು.

ಕಾರ್ಯದರ್ಶಿ ಎದ್ದು ಬಂದು ಕೈ ಹಿಡಿದುಕೊಂಡರು. “ಗಾರ್ಡ್ ಸಾಹೇಬ್ರ, ಒಂದು ದಿನಾನೂ ನಿಂತಿಲ್ರಿ. ಏನ್ ಮಾಡೀರಿ ನೀವು.”

“ಗಾಜು ತೆಗೀಬೇಕಾಗಿತ್ರಿ,” ಎಂದರು ಇವರು. “ಒಂದು ಬೋರ್ಡ್ ಹಾಕೂದೈತಿ.”

“ಯಾಕ್ರಿ? ಚಲೋ ಓಡಾಕತ್ತೈತಲ್ಲ.”

“ಹಿಂದಿನ ಎಂಜಿನ್ನಿಗೆ.”

“ಅದೂ ಓಡಾಕತ್ತೈತಲ್ರಿ.” ಕಾರ್ಯದರ್ಶಿ ಗಾಜಿನ ಅಂಚು ತೋರಿಸಿದರು. “ಮ್ಯಾಲ ಕೆಳಗ ಪೂರಾ ಸಿಲಿಕೋನ್ ಅಂಟು ಹಾಕಿ ಬಂದ್ ಮಾಡೀವಿ, ಥಂಡಿ ಒಳಗ ಹೋಗಬಾರದಂತ. ಈಗ ಅದನ್ನ ಕೊಯ್ಬೇಕಂದ್ರ ಕಮಿಟಿ ಕೇಳತೈತಿ, ಓಡೂದನ್ನ ಯಾಕ ಮುಟ್ಟೀರಿ ಅಂತ.”

ಅವರು ಚೀಲವನ್ನು ಎದೆಗೆ ಹಿಡಿದುಕೊಂಡರು. ಹಿಂದೆ ತಿರುಗಿ ಹೊರಟುಬಿಡುತ್ತಾರೆ ಎಂದುಕೊಂಡೆ. ನಾನಾಗಿದ್ದರೆ ಹೊರಟುಬಿಡುತ್ತಿದ್ದೆ.

“ಅದು ಓಡಾಕತ್ತಿಲ್ರಿ,” ಎಂದರು. “ಅದರೊಳಗ ಏನೂ ಇಲ್ಲ. ಅವತ್ತ ತೆಗದು ಮುಂದಿನದಕ್ಕ ಹಾಕೀನಿ. ಮುಂದಿಂದು ಅದನ್ನ ಎಳಕೊಂಡ್ ಹೊಂಟೈತಿ. ನಾ ನಿಮಗ ಸುಳ್ಳು ಹೇಳೀನಿ.”

ಅವರು ನನ್ನ ಹೆಸರನ್ನು ಇದರೊಳಗೆ ತರಲಿಲ್ಲ. ಕಾರ್ಯದರ್ಶಿ ಗಾಜಿನ ಹತ್ತಿರ ಬಾಗಿದರು. ಗಾಡಿ ಆಗ ದೊಡ್ಡ ತಿರುವಿನಲ್ಲಿತ್ತು. ಸುರಂಗದೊಳಗೆ ಹೋಗುವವರೆಗೆ ನೋಡಿದರು, ಇನ್ನೊಂದು ಬಾಯಿಂದ ಹೊರಗೆ ಬರುವುದನ್ನೂ ನೋಡಿದರು. ಆಮೇಲೆ ನೆಟ್ಟಗಾಗಿ ಇವರ ಭುಜದ ಮೇಲೆ ಕೈಯಿಟ್ಟರು. ಆ ಮನುಷ್ಯನ ಮುಖದಲ್ಲಿ ಇದ್ದದ್ದು ಮಮತೆಯೇ. ಅದೇ ನನಗೆ ಇಂದಿಗೂ ತಡೆಯಲಾಗದ್ದು.

“ಇಷ್ಟ ಅಲ್ರಿ? ನಾ ಏನೋ ಅಂತ ಅಂಜಿದ್ದೆ. ಯಾರಿಗೆ ಗೊತ್ತಾಗೈತ್ರಿ ಸಾಹೇಬ್ರ. ಇಷ್ಟ್ ಮಂದಿ ನೋಡ್ಯಾರ, ಒಬ್ಬರರ ಕೇಳ್ಯಾರೇನು? ಬಿಡ್ರಿ. ಬರ್ರಿ, ಚಾ ಕುಡಿಯೂಣು.”

ಚಹಾ ಬಂತು. ಕುಡಿದೆವು. ಅವರು ಕಾರ್ಯದರ್ಶಿಯ ಅಂಗಡಿಯ ಬಗ್ಗೆ, ಸಿಮೆಂಟಿನ ಬಗ್ಗೆ ವಿಚಾರಿಸಿದರು. ಯಾರೋ ಮತ್ತೆ ಗುಂಡಿ ಒತ್ತಿದರು. ಅವರು ಆ ಕಡೆ ತಿರುಗಲಿಲ್ಲ.

ಬಸ್ ಸ್ಟಾಪಿನಲ್ಲಿ ನನಗೆ ತಡೆಯಲಾಗಲಿಲ್ಲ. ಸಂಘಕ್ಕೆ, ಕಮಿಟಿಗೆ, ಸಿಲಿಕೋನಿಗೆ ಬೈದೆ. ನಾಳೆ ಅಧ್ಯಕ್ಷರ ಹತ್ತಿರವೇ ಹೋಗೋಣ, ಗಾಜು ಬಿಚ್ಚಿಸಿಯೇ ಬಿಡೋಣ ಎಂದೆ. ಯಾರಿಗೆ ಗೊತ್ತಾಗುತ್ತದೆ ಎಂದರೇನರ್ಥ, ನೋಡಲು ಬರುವವರಿಗೆ ಗೊತ್ತಾಗೇ ಆಗುತ್ತದೆ, ಇವತ್ತಲ್ಲದಿದ್ದರೆ ಮುಂದೊಂದು ದಿನ, ತಿಳಿದವರು ಯಾರಾದರೂ ಬಂದೇ ಬರುತ್ತಾರೆ ಎಂದೆ. ಅವರು ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡರು. ನಾನು ದಣಿದು ನಿಲ್ಲಿಸುವವರೆಗೆ ಕಾದರು. ಮೇಡಮ್ಮಾರ ಎನ್ನಲಿಲ್ಲ.

“ಹೆಂಗ ಗೊತ್ತಾಗತೈತಿ ತಂಗಿ? ಘಾಟಿನ್ಯಾಗ ನಾ ದೂಡೂದು ಬಿಟ್ರ ಗಾಡಿ ಹಿಂದಕ್ಕ ಸರೀತಿತ್ತು. ಮುಂದಿನವಗ ಗೊತ್ತಾಗತಿತ್ತು, ಸ್ಟೇಷನ್ನಿನವರಿಗೆ ಗೊತ್ತಾಗತಿತ್ತು. ಇಲ್ಲಿ ನಾ ಬಿಟ್ಟು ನೋಡೀನಿ. ಗಾಡಿ ಹಿಂದಕ್ಕ ಸರಿಯಾಕತ್ತಿಲ್ಲ.”